ಅಕ್ಕನ ಹೆಸರಿನ ಜಡ್ಡು

ದಾಂಡೇಲಿಯಿಂದ ಹುಬ್ಬಳ್ಳಿಗೆ ಬಸ್ಸಿನ ಚಾರ್ಜು ಒಬ್ಬರಿಗೆ ಇಪ್ಪತ್ತೆರಡು ರೂಪಾಯಿ. ಇಬ್ಬರು ಹೋಗಿ ಬಂದರೆ ಎಂಬತ್ತೆಂಟು. ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡುವುದಕ್ಕೆ ನಾನೂರು. ಎಕ್ಸ್‌ರೇ, ರಕ್ತದ ತಪಾಸಣೆ ಅಂತ ಇನ್ನೊಂದು ಮುನ್ನೂರೈವತ್ತು. ಆಪರೇಷನ್ ಆಗಬೇಕೆಂದರೆ ಹದಿನೆಂಟು ಇಪ್ಪತ್ತು ಸಾವಿರ, ಆಮೇಲಿನ ಔಷಧ ಬೇರೆ. ಹಳಿಯಾಳದ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುವ ದುಂಡೇಶನಿಗೆ ಕೆಲಸ ಸಿಕ್ಕ ದಿನ ಅರವತ್ತು ರೂಪಾಯಿ, ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಸಿಕ್ಕರೆ ಪುಣ್ಯ. ಇದೇ ಆಪರೇಷನ್, ಇದೇ ಔಷಧ, ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕಾಯಂ ಆದವನ ಹೆಂಡತಿಗೆ ಪುಕ್ಕಟೆ. ಗಿರಣಿ ದವಾಖಾನೆಯ ನೀಲಿ ರಟ್ಟಿನ ಪುಸ್ತಕ ಒಂದಿದ್ದರೆ ಸಾಕು.

ಶಂಕ್ರೆವ್ವನ ಹತ್ತಿರ ಆ ಪುಸ್ತಕ ಇತ್ತು. ಅವಳ ತಂಗಿ, ದುಂಡೇಶನ ಹೆಂಡತಿ ಅನ್ನಪೂರ್ಣಾಳ ಹತ್ತಿರ ಇರಲಿಲ್ಲ. ಗಂಟು ಮಾತ್ರ ಅನ್ನಪೂರ್ಣಾಳ ಎದೆಯಲ್ಲಿತ್ತು.

ತೊಂಬತ್ತೊಂಬತ್ತನೇ ಇಸವಿಯ ಮಾತು. ಪಂಚಮಿಗೆ ಅನ್ನಪೂರ್ಣಾ ಹಳಿಯಾಳದಿಂದ ಅಕ್ಕನ ಮನೆಗೆ ಬಂದಿದ್ದಳು. ತಾಯಿ ಸತ್ತಾಗ ಅವಳಿಗೆ ಎಂಟು ವರ್ಷ, ಶಂಕ್ರೆವ್ವನಿಗೆ ಹದಿನಾರು. ಅಂದಿನಿಂದ ಅಕ್ಕನ ಮನೆಯೇ ತವರು. ಬಚ್ಚಲಲ್ಲಿ ತಂಗಿಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳು ಅಕ್ಕನ ಕೈ ಹಿಡಿದು ಎಡ ಮೊಲೆಯ ಕೆಳಗೆ ಒತ್ತಿದಳು. ಹುಣಸೆ ಬೀಜದಂಥದು ಏನೋ ಬೆರಳಿಗೆ ಸಿಕ್ಕಿತು. ನೋವಿಲ್ಲ, ಆದರೆ ಸರಿಯುವುದಿಲ್ಲ.

"ಎಷ್ಟ್ ದಿನಾತು?"

"ಯುಗಾದಿಗೆ ಗೊತ್ತಾತು."

"ಯುಗಾದಿಗೆ ಗೊತ್ತಾಗಿದ್ದು ಪಂಚಮಿಗೆ ಹೇಳ್ತೀಯೇನ? ಗಂಡಗ ಹೇಳೀದಿ?"

"ನಾಚಿಕಿ ಬರ್ತದಕ್ಕಾ. ಏನಂತ ಹೇಳ್ಲಿ?"

ಶಂಕ್ರೆವ್ವ ಆ ದಿನವೇ ತೀರ್ಮಾನ ಮಾಡಿದಳು. ಗಿರಣಿಯ ಕಾಲೋನಿಯಲ್ಲಿ ಪುಸ್ತಕ ಎರವಲು ಕೊಡುವುದು ಹೊಸದೇನೂ ಅಲ್ಲ. ಮೈದುನನ ಮಲೇರಿಯಾ, ನಾದಿನಿಯ ಕೆಮ್ಮು, ಊರಿಂದ ಬಂದ ಸೋದರಳಿಯನ ಹುಳಕಡ್ಡಿ, ಎಲ್ಲವೂ ಗಿರಣಿಯವರ ಹೆಸರಿನಲ್ಲೇ ವಾಸಿಯಾಗಿದ್ದವು. ಪುಸ್ತಕದಲ್ಲಿ ಹೆಸರು, ವಯಸ್ಸು ಇದ್ದವು, ಫೋಟೋ ಇರಲಿಲ್ಲ. ದವಾಖಾನೆಯ ಕ್ಲರ್ಕ್ ಶಿವಲಿಂಗಪ್ಪ ತಲೆ ಎತ್ತಿ ನೋಡುವವನಲ್ಲ, ಪುಸ್ತಕ ನೋಡಿ ಚೀಟಿ ಬರೆಯುವವನು. ಅಕ್ಕತಂಗಿಯರ ಮುಖವೂ ಒಂದೇ ಎರಕದ್ದು.

ಗಂಡ ಶೇಖಪ್ಪ ಮಾತ್ರ ಊಟದ ತಾಟಿನಿಂದ ಕೈ ಎತ್ತಿ ಕೇಳಿದ. "ಸಿಕ್ಕಿಬಿದ್ದರ?"

"ಸಿಕ್ಕರ ನಾ ನೋಡ್ಕೋತೇನಿ. ನೀವು ಉಣ್ರಿ."

ಶೇಖಪ್ಪ ಉಂಡ. ಇಪ್ಪತ್ತೈದು ವರ್ಷ ಮಷೀನಿನ ಸದ್ದಿನಲ್ಲಿ ದುಡಿದವನು, ಮನೆಯಲ್ಲಿ ಮಾತು ಕಡಿಮೆ.

ಗಿರಣಿಯ ಡಾಕ್ಟರು ಒತ್ತಿ ನೋಡಿ ಹುಬ್ಬಳ್ಳಿಯ ದೊಡ್ಡ ಖಾಸಗಿ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಸೂಜಿ ಹಾಕಿದರು, ಎಂಟು ದಿನ ಬಿಟ್ಟು ಬರಲು ಹೇಳಿದರು. ಎಂಟು ದಿನದ ಮೇಲೆ ಅಕ್ಕತಂಗಿ ಇಬ್ಬರೂ ಹಸಿರು ಬಣ್ಣದ ಬೆಂಚಿನ ಮೇಲೆ ಕೂತಿದ್ದಾಗ ನರ್ಸ್ ಬಾಗಿಲಲ್ಲಿ ನಿಂತು ಕೂಗಿದಳು. "ಶಂಕ್ರೆವ್ವ ಶೇಖಪ್ಪ ಯಾರ್ರೀ?"

ಶಂಕ್ರೆವ್ವ ತಟ್ಟನೆ ಎದ್ದು ನಿಂತುಬಿಟ್ಟಳು. ನಿಂತಮೇಲೆ ನೆನಪಾಯಿತು. ಕೂತಳು, ತಂಗಿಯನ್ನು ಮೊಣಕೈಯಿಂದ ತಿವಿದಳು.

ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು. "ನೋಡವಾ, ಇದು ಕ್ಯಾನ್ಸರ್ ಐತಿ. ಹೆದರಬ್ಯಾಡ. ಲಗೂ ಬಂದೀದಿ. ಆಪರೇಷನ್ ಮಾಡಿ ತಗದು, ಆಮ್ಯಾಲೆ ಔಷಧ ಕೊಡೂಣು. ನಿನ್ನ ಪುಸ್ತಕದಾಗ ಸಕ್ಕರಿ ಜಡ್ಡು ಐತಿ ಅಂತ ಬರದಾರ. ಗುಳಗಿ ತಗೋತಿಯೇನ?"

ಅನ್ನಪೂರ್ಣಾ ಅಕ್ಕನ ಮುಖ ನೋಡಿದಳು. ಸಕ್ಕರೆ ಜಡ್ಡು ಇದ್ದದ್ದು ಅಕ್ಕನಿಗೆ.

"ತಗೋತಾಳ್ರಿ," ಎಂದು ಶಂಕ್ರೆವ್ವನೇ ಉತ್ತರ ಕೊಟ್ಟಳು.

ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಮೊದಲು ಹಾದುಹೋದದ್ದು ತಂಗಿಯ ಚಿಂತೆಯಲ್ಲ. ಕಾಗದದ ಮೇಲೆ ತನ್ನ ಹೆಸರಿದೆ, ಮೈಯಲ್ಲಿ ಜಡ್ಡಿಲ್ಲ, ಸದ್ಯ ನನಗಲ್ಲ ಎಂಬ ಒಂದು ತಣ್ಣನೆಯ ಸಮಾಧಾನ. ಅದು ಬಂದು ಹೋಗುವುದಕ್ಕೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಆದರೆ ಬಂದದ್ದಂತೂ ನಿಜ. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ.

ವಾಪಸು ಬರುವ ಬಸ್ಸು ಹಳಿಯಾಳ ದಾಟುವಾಗ ಅನ್ನಪೂರ್ಣಾ ಕಿಟಕಿಯಿಂದ ತನ್ನ ಊರನ್ನು ನೋಡುತ್ತ ಕೇಳಿದಳು. "ಅಕ್ಕಾ, ನಮ್ಮ ಮನಿಯವರಿಗೆ ಹೇಳ್ಲೇನ? ಇಲ್ಲೇ ಇಳೀಲೇನ?"

"ಆಪರೇಷನ್ ಆಗೂತನಕ ಬ್ಯಾಡ. ದುಂಡೇಶನ ಹೊಟ್ಟ್ಯಾಗ ಮಾತು ನಿಂದ್ರೂದಿಲ್ಲ. ನಾಳೆ ಗಿರಣಿ ಗೇಟಿನ ಮುಂದ ನಿಂತು, ನನ್ನ ಹೆಂಡತೀದು ಆಪರೇಷನ್ ಐತಿ ಅಂದ ಅಂದ್ರ ಮುಗೀತು. ನಿಮ್ಮ ಮಾಮಾನ ನೌಕರಿ ಹೋಗ್ತದ, ನಿನ್ನ ಔಷಧಾನೂ ಹೋಗ್ತದ. ಅಕ್ಕಗ ಮೈಯಾಗ ಆರಾಮಿಲ್ಲ, ಕೈಯಾಗ ಕೆಲಸಕ್ಕ ಇರ್ತೇನಿ ಅಂತ ಹೇಳಿ ಕಳಸು."

"ಮಗಳಿಗೆ?"

"ಮಗಳಿಗೂ ಅದಽ."

ಅನ್ನಪೂರ್ಣಾ ಎದುರಾಡಲಿಲ್ಲ. ಎಂಟನೇ ವಯಸ್ಸಿನಿಂದ ಅಕ್ಕ ಹೇಳಿದ್ದನ್ನು ಕೇಳಿಯೇ ಅವಳಿಗೆ ರೂಢಿ.

ಗಿರಣಿಯ ದವಾಖಾನೆಯಲ್ಲಿ ಆಪರೇಷನ್ನಿನ ಕಾಗದಕ್ಕೆ ಸಹಿ ಬೀಳಬೇಕಿತ್ತು. ಶಿವಲಿಂಗಪ್ಪ ಅದನ್ನು ಓದಿದ, ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿ ನಿಟ್ಟುಸಿರು ಬಿಟ್ಟ. ಅಷ್ಟು ಸಾಕಾಯಿತು. ಮರುದಿನ ನಳಕ್ಕೆ ನೀರು ಬರುವ ಹೊತ್ತಿಗೆ ಇಡೀ ಸಾಲಿಗೆ ಗೊತ್ತಾಗಿತ್ತು, ಶಂಕ್ರೆವ್ವನಿಗೆ ಎದೆಯ ಕ್ಯಾನ್ಸರ್ ಅಂತೆ.

ಶಂಕ್ರೆವ್ವ ಎಲ್ಲವನ್ನೂ ಲೆಕ್ಕ ಹಾಕಿದ್ದಳು, ಇದೊಂದನ್ನು ಹಾಕಿರಲಿಲ್ಲ. ಮಲೇರಿಯಾ ಎರವಲು ಹೋದರೆ ಯಾರೂ ನೋಡಲು ಬರುವುದಿಲ್ಲ. ಕ್ಯಾನ್ಸರ್‌ಗೆ ಬರುತ್ತಾರೆ.

ಬಂದರು. ಬಾಳೆಹಣ್ಣು ತಂದರು, ಬ್ರೆಡ್ಡು ತಂದರು, ಒಬ್ಬಳು ಎಳನೀರು ತಂದಳು. ಒಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿನ್ನೀದಕ್ಕೂ ಇವತ್ತೀದಕ್ಕೂ ಎಷ್ಟ್ ಇಳದೀಯವಾ" ಎಂದು ಕಣ್ಣೊರೆಸಿಕೊಂಡಳು. ಶಂಕ್ರೆವ್ವ ಇಳಿದಿರಲಿಲ್ಲ, ಹಿಂದಿನ ದಿನವಷ್ಟೇ ಕುಪ್ಪಸದ ಹೊಲಿಗೆ ಬಿಚ್ಚಿಸಿದ್ದಳು. ಮಷೀನಿನವರು ಶೇಖಪ್ಪನ ರಾತ್ರಿ ಪಾಳಿಯನ್ನು ತಮ್ಮಲ್ಲೇ ಹಂಚಿಕೊಂಡರು. "ನೀ ಮನ್ಯಾಗಿರು ಶೇಖಪ್ಪ" ಎಂದರು. ಶೇಖಪ್ಪ ಮನೆಯಲ್ಲಿ ಕೂತು ಗೋಡೆ ನೋಡಿದ.

ಹಿಂದಿನ ಸಾಲಿನ ಕಾಶೆವ್ವ ಎರಡು ವರ್ಷದಿಂದ ಮಾತು ಬಿಟ್ಟಿದ್ದಳು. ನಳದ ಪಾಳಿಯ ಜಗಳದಲ್ಲಿ ಶಂಕ್ರೆವ್ವನ ಕೊಡ ಒದ್ದವಳು ಅವಳೇ. ಅವಳು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದು, ಎಲ್ಲರ ಎದುರಿಗೆ ಶಂಕ್ರೆವ್ವನ ಕಾಲು ಹಿಡಿದಳು.

"ನಂದಽ ತಪ್ಪು ಶಂಕ್ರಕ್ಕಾ. ನನ್ನ ಬಾಯಿಗೆ ಹುಳಾ ಬೀಳ್ಲಿ. ಆವತ್ತು ಏನೇನೋ ಅಂದುಬಿಟ್ಟೆ. ಅದಽ ಹತ್ತಿತೇನೋ ನಿನಗ."

"ಏಳ ಕಾಶಿ, ಏಳ. ಅದಕ್ಕೆಲ್ಲಾ ಹತ್ತೂದಿಲ್ಲ."

"ಇಲ್ಲ, ಒಂದ್ ಮಾತು, ಬಿಟ್ಟೆ ಅನ್ನು."

"ಬಿಟ್ಟೆ."

ಹೇಳುವಾಗ ಶಂಕ್ರೆವ್ವನಿಗೆ ಬೇರೆಯವರ ಗಂಟು ಬಿಚ್ಚಿ ಖರ್ಚು ಮಾಡಿದ ಹಾಗೆ ಆಯಿತು. ಅಷ್ಟೇ ಅಲ್ಲ, ಒಳಗೊಳಗೆ ಹಿತವೂ ಆಯಿತು. ಇಷ್ಟು ಜನ ತನಗಾಗಿ ಅಳುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಅಡಿಗೆಮನೆಯಿಂದ ಅನ್ನಪೂರ್ಣಾ ಚಹದ ತಾಟು ಹಿಡಿದು ಬಂದಳು. ಕಾಶೆವ್ವ ಕಪ್ಪು ತೆಗೆದುಕೊಳ್ಳುತ್ತ, "ಸಕ್ಕರಿ ಕಮ್ಮಿ ಆಗೇದಲ್ಲವಾ ತಂಗಿ" ಎಂದಳು. ಅನ್ನಪೂರ್ಣಾ ಸಕ್ಕರೆ ತರಲು ಒಳಗೆ ಹೋದಳು.

ಆ ದಿನ ಮೂವತ್ತೊಂದು ಕಪ್ಪು ಚಹಾ ಆಯಿತು. ಎಲ್ಲ ಕಪ್ಪು ತೊಳೆದವಳು ಅನ್ನಪೂರ್ಣಾ. ಕೆಲಸದವಳನ್ನು ಕರೆಯೋಣವೆಂದರೆ ತಂಗಿ ಇರುವಾಗ ಅದ್ಯಾಕೆ ಎಂದು ಜನ ಕೇಳಿಯಾರು ಎಂಬ ಅಂಜಿಕೆ. ತಂಗಿ ಮೋರಿಯ ಹತ್ತಿರ ಬಗ್ಗಿ ಕೂತಾಗೆಲ್ಲ ಶಂಕ್ರೆವ್ವ ಹಾಸಿಗೆಯ ಮೇಲೆ ರೋಗಿಯ ಹಾಗೆ ಒರಗಿ ಆ ಬೆನ್ನನ್ನೇ ನೋಡುತ್ತಿದ್ದಳು.

ಐದನೇ ದಿನ ದುಂಡೇಶ ಬಂದ. ಸುದ್ದಿ ಹಳಿಯಾಳದ ಡಿಪೋಕ್ಕೆ ಲಾರಿಯವರ ಬಾಯಲ್ಲಿ ತಲುಪಿತ್ತು. ದೊಡ್ಡ ಆಳು, ಹೆಗಲಿನಲ್ಲಿ ಹಮಾಲಿಯ ಗಡ್ಡೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟವನು ಅಲ್ಲೇ ಕುಸಿದು ಕೂತು ಗಳಗಳ ಅತ್ತುಬಿಟ್ಟ.

"ಅಕ್ಕಾರ, ನನ್ನ ಲಗ್ನದಾಗ ಕೈ ಹಿಡದು ಕೊಟ್ಟವರು ನೀವು. ನಿಮಗ ಹಿಂಗಾಗಬೇಕ್ರಿ?"

ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೋಡು, ನನ್ನ ಚಿಂತಿ ಮಾಡಬ್ಯಾಡ. ಮಗಳು ರೊಟ್ಟಿ ಬಡೀತಾಳ. ನೀ ಅಕ್ಕಾರ ಸೇವಾ ಮಾಡು. ಅವರಿಗೆ ಒಂದು ಕಡ್ಡಿನೂ ಎತ್ತಾಕ ಬಿಡಬ್ಯಾಡ."

"ಹೂಂ," ಎಂದಳು ಅನ್ನಪೂರ್ಣಾ.

"ನೀ ಯಾಕ ಹಿಂಗ ಬಾಡೀದಿ? ನೀ ಅತ್ತರ ಅಕ್ಕಾರಿಗೆ ಧೈರ್ಯ ಹೇಳೋರು ಯಾರು?"

ಅನ್ನಪೂರ್ಣಾ ಅಕ್ಕನ ಕಡೆ ಒಂದು ನೋಟ ಹಾಕಿದಳು. ಹೇಳಲೇ ಎಂಬ ನೋಟ. ಶಂಕ್ರೆವ್ವ ಕಣ್ಣಲ್ಲೇ ಬೇಡವೆಂದಳು. ಅನ್ನಪೂರ್ಣಾ ಗಂಡನಿಗೆ ರೊಟ್ಟಿ ಬಡಿಸಲು ಎದ್ದಳು.

ಅವನು ಹೋದ ಮೇಲೆ ಮಧ್ಯಾಹ್ನ, ಅಕ್ಕಿ ಆರಿಸುತ್ತ ಕೂತಾಗ, ಅನ್ನಪೂರ್ಣಾ ತಲೆ ಎತ್ತದೆ ಹೇಳಿದಳು.

"ಅಕ್ಕಾ, ಬಂದೋರೆಲ್ಲಾ ನಿನ್ನ ಕೈ ಹಿಡೀತಾರ. ನನ್ನ ಕೈಯಾಗ ಖಾಲಿ ಕಪ್ಪು ಕೊಡ್ತಾರ."

"ಇನ್ನ ಹತ್ತ ದಿನ ತಡಕೋ ತಂಗೀ."

"ತಡಕೋತೇನಿ. ನಿನ್ನೆ ಆ ಮುದುಕಿ ಶಿವವ್ವಾಯಿ ನಿನ್ನ ಕೂದಲಾ ಸವರಿದಳಲ್ಲ. ನನಗೂ ಯಾರರ ಒಮ್ಮೆ ಹಂಗ ಸವರಬೇಕು ಅನಸ್ತದ. ಅಷ್ಟಽ."

ಶಂಕ್ರೆವ್ವ ತಂಗಿಯ ತಲೆಯ ಮೇಲೆ ಕೈ ಇಟ್ಟಳು. ಆದರೆ ಆಗಲೇ ಬಾಗಿಲು ಬಡಿದ ಸದ್ದಾಯಿತು, ಯಾರೋ ನೋಡಲು ಬಂದಿದ್ದರು. ಅವಳು ಓಡಿಹೋಗಿ ಹಾಸಿಗೆಯ ಮೇಲೆ ಮಲಗಬೇಕಾಯಿತು.

ಆಪರೇಷನ್ನಿಗೆ ನಾಲ್ಕು ದಿನ ಉಳಿದಾಗ ಶಿವವ್ವ ಬಂದಳು. ಮೂರು ಮನೆ ಆಚೆಯ ಮುದುಕಿ, ಅರವತ್ತೆಂಟು ವಯಸ್ಸು, ಮಂಡಿನೋವು. ನೆಲಕ್ಕೆ ಕೂತರೆ ಇಬ್ಬರು ಎಬ್ಬಿಸಬೇಕು. ಕೈಯಲ್ಲಿ ಕೋಲು, ಹೆಗಲಿಗೆ ಬುತ್ತಿಯ ಗಂಟು, ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಹೊರಗೆ ಮಳೆ ಜಿನುಗುತ್ತಿತ್ತು. ಅವಳನ್ನು ಬಿಡಲು ಕಾಶೆವ್ವನೂ ಇನ್ನಿಬ್ಬರೂ ಬಂದಿದ್ದರು. ದುಂಡೇಶ ಅದೇ ಬೆಳಿಗ್ಗೆ ಅಕ್ಕಾರಿಗೆಂದು ಚೀಲದಲ್ಲಿ ಹೊಸ ಅಕ್ಕಿ ಹೊತ್ತು ತಂದು ಕಟ್ಟೆಯ ಮೇಲೆ ಕೂತಿದ್ದ.

"ಉಳವಿ ಚನ್ನಬಸವಣ್ಣನ ಗುಡಿಗೆ ಹೊಂಟೇನವಾ," ಎಂದಳು ಶಿವವ್ವ. "ನಡಕೋತ."

"ಈ ಮಳ್ಯಾಗ? ಶಿವವ್ವಾಯಿ, ಜೊಯಿಡಾ ದಾಟಿದ್ರ ಬರೇ ಅಡವಿ, ಉಂಬಳ ಕಾಲಿಗೆ ಹತ್ತಿ ರಕ್ತ ಹೀರತಾವ. ಜಾತ್ರಿಗೆ ಎಲ್ಲಾರೂ ಹೋಗ್ತಾರಲ್ಲ, ಆವಾಗ ಹೋಗಬೇಕಿಲ್ಲ?"

"ಜಾತ್ರಿ ಐತಿ ಮಾಘದಾಗ. ನಿನ್ನ ಆಪರೇಷನ್ ಐತಿ ಸೋಮವಾರ. ಚನ್ನಬಸವಣ್ಣಗ ಮುಂಚೆ ಹೇಳಬೇಕೋ, ಆಮ್ಯಾಲೆ ಹೇಳಬೇಕೋ?" ಮುದುಕಿ ಸೆರಗಿನಿಂದ ಅರಿಶಿನ ಹಚ್ಚಿದ ಬಟ್ಟೆಯ ಚೂರು ತೆಗೆದಳು. "ಒಂದ ಮುಷ್ಟಿ ಅಕ್ಕಿ, ಒಂದ ರೂಪಾಯಿ ಕಟ್ಟೇನಿ. ಇದನ್ನ ಜಡ್ಡಿದ್ದ ಜಾಗಕ್ಕ ಮುಟ್ಟಿಸು. ನಿನ್ನ ಬಾಯಿಲೇ ನಿನ್ನ ಹೆಸರ ಹೇಳು. ನಾ ಅದನ್ನ ಹಂಗಽ ಒಯ್ದು ಅಲ್ಲಿ ಇಡ್ತೇನಿ. ನಡುವ ಯಾರಿಗೂ ಮುಟ್ಟಸೂದಿಲ್ಲ."

ಶಂಕ್ರೆವ್ವ ಗಂಟು ಹಿಡಿದಳು. ಗಿರಣಿಯ ಕ್ಲರ್ಕಿಗೆ ಸುಳ್ಳು ಹೇಳುವಾಗ ಅವಳು ಅಳುಕಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರಿಗೆ ಹೇಳುವಾಗಲೂ ಇಲ್ಲ. ಕಂಪನಿ ದೊಡ್ಡದು, ಅದಕ್ಕೆ ಒಂದು ಆಪರೇಷನ್ ಹೆಚ್ಚಾಗುವುದಿಲ್ಲ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಿದ್ದಳು. ಆದರೆ ಈ ಮುದುಕಿ ಊದಿದ ಮಂಡಿ ಹೊತ್ತು ಎರಡು ದಿನದ ಅಡವಿ ನಡೆಯುತ್ತಾಳೆ, ಹೋಗಿ ದೇವರ ಮುಂದೆ ಜಡ್ಡಿಲ್ಲದವಳ ಹೆಸರು ಹೇಳುತ್ತಾಳೆ. ಜಡ್ಡಿದ್ದವಳ ಹೆಸರು ದವಾಖಾನೆಯಲ್ಲೂ ಇಲ್ಲ, ಗಂಡನ ಕಿವಿಯಲ್ಲೂ ಇಲ್ಲ. ದೇವರ ಹತ್ತಿರವೂ ಇಲ್ಲದಂತಾದರೆ ತಂಗಿಗೆ ಎಲ್ಲಿ ಏನು ಉಳಿಯಿತು?

ಕೈ ಎದೆಯ ತನಕ ಎತ್ತಿದಳು. ಗಂಟನ್ನು ಮುಟ್ಟಿಸಲಿಲ್ಲ.

"ಅನ್ನವ್ವಾ," ಎಂದು ಕೂಗಿದಳು. "ಬಾ ಇಲ್ಲೆ."

ಅನ್ನಪೂರ್ಣಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಶಂಕ್ರೆವ್ವ ಗಂಟನ್ನು ಅವಳ ಅಂಗೈಯಲ್ಲಿಟ್ಟಳು.

"ಮುಟ್ಟಿಸಿ ಹೆಸರ ಹೇಳು."

"ಅಕ್ಕಾ..."

"ಹೇಳು ತಂಗೀ. ನಾ ಹೇಳಿದ್ದು ಸಾಕು."

ಅನ್ನಪೂರ್ಣಾ ಗಂಟನ್ನು ಸೆರಗಿನ ಮೇಲಿಂದ ಎಡ ಮೊಲೆಗೆ ಒತ್ತಿ ಹಿಡಿದಳು. "ಅನ್ನಪೂರ್ಣಾ," ಎಂದಳು. ಇನ್ನೊಮ್ಮೆ ಎಂದಳು. "ಅನ್ನಪೂರ್ಣಾ. ಹಳಿಯಾಳದಾಕಿ."

ಕಟ್ಟೆಯ ಮೇಲಿಂದ ದುಂಡೇಶ ನಕ್ಕ. "ಏ ಹುಚ್ಚೀ, ಅಕ್ಕಾರ ಜಡ್ಡಿಗೆ ನಿನ್ನ ಹೆಸರ ಯಾಕ ಹೇಳ್ತಿ?"

ಯಾರೂ ನಗಲಿಲ್ಲ. ಅನ್ನಪೂರ್ಣಾ ಗಂಟನ್ನು ಎದೆಯಿಂದ ತೆಗೆಯಲೂ ಇಲ್ಲ. ದುಂಡೇಶನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು. ಹೆಂಡತಿಯ ಕೈ ಎಲ್ಲಿದೆ ಎಂದು ಅವನು ಆಗ ನೋಡಿದ.

"ನನಗಲ್ಲ ಜಡ್ಡು," ಎಂದಳು ಶಂಕ್ರೆವ್ವ. "ಈಕಿಗೆ. ನನ್ನ ಪುಸ್ತಕದ ಮ್ಯಾಲೆ ತೋರಿಸಿದೆ. ಕ್ಯಾನ್ಸರ್ ಆದಾಕಿ ಈಕಿ. ಹದಿನೇಳ ದಿನಾತು ಗೊತ್ತಾಗಿ."

ಮೊದಲು ಬಾಯಿ ಬಿಟ್ಟವಳು ಕಾಶೆವ್ವ. "ಅಂದ್ರ, ಏನೂ ಇಲ್ಲದಾಕಿ ಕಾಲು ಹಿಡದಿದ್ನೇನ ನಾನು? ಹೋಳಿಗಿ ಬ್ಯಾರೆ ಡಬ್ಬಿ ತುಂಬ ತಂದೆ!" ಎಂದವಳು ಅಷ್ಟಕ್ಕೇ ಬಿಟ್ಟು ಅನ್ನಪೂರ್ಣಾಳ ಕಡೆ ತಿರುಗಿದಳು. "ಅಯ್ಯ ನನ್ನವ್ವಾ, ನಿನಗ ನಾ ಸಕ್ಕರಿ ತಾ ಅಂದ್ನಲ್ಲ."

ಶಿವವ್ವ ಕೋಲು ಗೋಡೆಗೆ ಆನಿಸಿ, ಅನ್ನಪೂರ್ಣಾಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ಕೂದಲು ಸವರಿದಳು. ಆಗ ಅನ್ನಪೂರ್ಣಾ ಅತ್ತಳು. ಹದಿನೇಳು ದಿನದಲ್ಲಿ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ದುಂಡೇಶ ಎದ್ದು ಬಂದು ಶಂಕ್ರೆವ್ವನ ಎದುರು ನಿಂತ. ಅವನು ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೂಗಲಿಲ್ಲ.

"ಅಕ್ಕಾರ, ನಾ ರೊಕ್ಕ ಇಲ್ಲದಂವ, ಖರೆ. ಅದಕ್ಕ ನನ್ನ ಹೆಂಡತಿ ಜಡ್ಡೂ ನನಗ ಗೊತ್ತಾಗಬಾರದೇನ್ರಿ? ಇಲ್ಲೇ ಕೂತು ಆಕಿಗೆ ನಿಮ್ಮ ಸೇವಾ ಮಾಡು ಅಂತ ಹೇಳಿಹೋದ್ನಿ. ನೀವು ಕೇಳಕೋತ ಸುಮ್ಮನ ಮಲಗಿದ್ರಿ."

ಆಕೆಯ ಒಳ್ಳೆಯದಕ್ಕೇ ಮಾಡಿದೆ ಎನ್ನುವ ಮಾತು ಶಂಕ್ರೆವ್ವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ತಪ್ಪಾತು" ಎಂದಳು. ಅವನು ಕೇಳಿಸಿಕೊಂಡನೋ ಇಲ್ಲವೋ, ಹೆಂಡತಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಮೋರಿಯಲ್ಲಿ ಉಳಿದಿದ್ದ ಕಪ್ಪುಗಳನ್ನು ತಾನೇ ತೊಳೆದ.

ಶೇಖಪ್ಪ ಪೇಟೆಯಿಂದ ಬಂದಾಗ ಶಂಕ್ರೆವ್ವ ನಡೆದದ್ದನ್ನೆಲ್ಲ ಹೇಳಿದಳು. ನಾಲ್ಕು ಜನರ ಮುಂದೆ ಆಡಿದ ಮಾತು ಇನ್ನು ಗಿರಣಿಗೆ ಹೋಗದೆ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನಾಳೆ ಮುಂಜಾನೆ ನಾನಽ ಹೋಗಿ ಹೇಳ್ತೇನಿ," ಎಂದ ಶೇಖಪ್ಪ. "ಮತ್ತೊಬ್ಬರು ಹೇಳೂದಕ್ಕಿಂತ ಅದು ಛಲೋ. ಸಕ್ಕರಿ ಇಲ್ಲದಾಕಿಗೆ ಸಕ್ಕರಿ ಗುಳಗಿ ಕೊಟ್ಟು ಆಪರೇಷನ್ ಮಾಡಿದ್ದರ ಏನಾಗ್ತಿತ್ತೋ ಯಾರಿಗೆ ಗೊತ್ತು. ಅದನ್ನ ನೆನಸಿ ನನಗ ನಿದ್ದಿ ಇರಲಿಲ್ಲ."

"ಮತ್ತ ಯಾಕ ಅನ್ನಲಿಲ್ಲ?"

"ನೀ ನೋಡ್ಕೋತೇನಿ ಅಂದಿದ್ದಿ."

ಗಿರಣಿಯವರು ಕಾಗದ ರದ್ದು ಮಾಡಿದರು. ಪರೀಕ್ಷೆಗಳ ಖರ್ಚನ್ನು ಶೇಖಪ್ಪನ ಪಗಾರದಲ್ಲಿ ಹಿಡಿದರು, ಹದಿನೈದು ದಿನ ಪಗಾರವಿಲ್ಲದೆ ಮನೆಗೆ ಕಳಿಸಿದರು, ನೀಲಿ ಪುಸ್ತಕವನ್ನು ಎರಡು ವರ್ಷ ತಮ್ಮಲ್ಲೇ ಇಟ್ಟುಕೊಂಡರು. ನೌಕರಿ ತೆಗೆಯಲಿಲ್ಲ. ತಾನೇ ಬಂದು ಹೇಳಿದ್ದಾನೆ ಎಂದು ಯೂನಿಯನ್ನಿನ ಈಶಪ್ಪ ಜಗಳ ತೆಗೆದು ಅಷ್ಟಕ್ಕೆ ನಿಲ್ಲಿಸಿದ. ನೋಡದೆ ಚೀಟಿ ಬರೆದ ಶಿವಲಿಂಗಪ್ಪನಿಗೂ ಮೆಮೋ ಬಂತು. ಆತ ಆಮೇಲೆ ದಾರಿಯಲ್ಲಿ ಸಿಕ್ಕರೆ ಶಂಕ್ರೆವ್ವನನ್ನು ಮಾತಾಡಿಸುವುದನ್ನು ಬಿಟ್ಟ. ಅವಳಿಗೂ ಅದು ಸರಿಯೆಂದೇ ಅನ್ನಿಸಿತು.

ಶಿವವ್ವ ಕುಂಬಾರವಾಡದ ತನಕ ನಡೆದು, ಮಂಡಿ ಕುಂಬಳಕಾಯಿಯಷ್ಟು ಊದಿ, ಅಲ್ಲಿ ಅರ್ಧ ದಿನ ಕಾದು ಉಳವಿಯ ಬಸ್ಸು ಹತ್ತಿದಳಂತೆ. "ಹೆಸರ ಸರಿಯಾಗಿ ಹೇಳೇನಿ, ಕಾಲಿನ ಮಾತು ದೇವರು ತಿಳಕೋತಾನ" ಎಂದಳು ಬಂದಮೇಲೆ.

ದುಂಡೇಶ ಹೆಂಡತಿಯನ್ನು ಹುಬ್ಬಳ್ಳಿಯ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದ. ಅವಳ ಹೆಸರನ್ನೂ ತನ್ನ ಹೆಸರನ್ನೂ ತಾನೇ ಹೇಳಿ ಬರೆಸಿದ. ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಿದರು. ಪಾಳಿ ದೊಡ್ಡದಿತ್ತು. ಡಿಪೋದ ಹಮಾಲರು ಒಂದೊಂದು ದಿನದ ಕೂಲಿ ಕೊಟ್ಟರು. ಕಾಲೋನಿಯ ಹೆಂಗಸರು ಈ ಸಲ ಬಾಳೆಹಣ್ಣು ತರದೆ, ಸರತಿ ಹಚ್ಚಿ, ವಾರಕ್ಕೊಬ್ಬರಂತೆ ಹುಬ್ಬಳ್ಳಿಗೆ ಹೋಗಿ ಅನ್ನಪೂರ್ಣಾಳ ಹತ್ತಿರ ಕೂತು ಬಂದರು. ಮೊದಲನೇ ವಾರ ಹೋದವಳು ಕಾಶೆವ್ವ.

ಆಪರೇಷನ್ ಆದದ್ದು ಮೊದಲು ಗೊತ್ತು ಮಾಡಿದ ಸೋಮವಾರಕ್ಕಿಂತ ಇಪ್ಪತ್ತಾರು ದಿನ ತಡವಾಗಿ. ಅಷ್ಟರಲ್ಲಿ ಗಂಟು ಬಗಲಿಗೂ ಹಬ್ಬಿತ್ತು. ಆ ಇಪ್ಪತ್ತಾರು ದಿನದಲ್ಲೇ ಹಬ್ಬಿತೋ, ಮೊದಲೇ ಹಬ್ಬಿತ್ತೋ ಎಂದು ಶಂಕ್ರೆವ್ವ ಡಾಕ್ಟರನ್ನು ಕೇಳಬಹುದಿತ್ತು. ಮೂರು ಸಲ ಅವರ ಕೋಣೆಯ ಬಾಗಿಲ ತನಕ ಹೋದಳು, ಮೂರು ಸಲವೂ ತಿರುಗಿ ಬಂದಳು. ಹೌದು ಎಂದರೆ ತಾಳಲಾರೆ ಎಂಬುದೊಂದು. ಅಲ್ಲ ಎಂದರೆ ತನ್ನ ತಪ್ಪೇ ಇಲ್ಲವೆಂದು ನಂಬಿಬಿಟ್ಟೇನು ಎಂಬುದು ಇನ್ನೊಂದು.

ಅನ್ನಪೂರ್ಣಾ ಬದುಕಿದಳು. ಒಂದು ಮೊಲೆ ಹೋಯಿತು, ಎಡಗೈ ಭಾರ ಎತ್ತುವ ಹಾಗಿಲ್ಲ. ಮಗಳ ಮದುವೆ ಕಣ್ಣಾರೆ ನೋಡಿದಳು. ಅಕ್ಕನ ಮೇಲೆ ಅವಳು ಸಿಟ್ಟಾದವಳೇ ಅಲ್ಲ. ದುಂಡೇಶ ಇವತ್ತಿಗೂ ಶಂಕ್ರೆವ್ವನನ್ನು ಅಕ್ಕಾರ ಎಂದೇ ಕರೆಯುತ್ತಾನೆ, ಮನೆಗೆ ಬಂದರೆ ನೀರು ಕುಡಿಯುತ್ತಾನೆ. ಆದರೆ ಮನೆಯ ಯಾವ ಮಾತನ್ನೂ ಅವಳ ಮುಂದೆ ಆಡುವುದಿಲ್ಲ. ತಂಗಿ ಉಳಿದಳು. ತಂಗಿಯ ಗಂಡನಿಗೆ ಶಂಕ್ರೆವ್ವನ ಮೇಲಿದ್ದ ನಂಬಿಕೆ ಹೋಯಿತು, ತಿರುಗಿ ಬರಲಿಲ್ಲ.